ಕುಂಭಾರಿಗೆ ಮೊದಲು ಬೇಕಿರುವುದು ವಿಡಿಯೋ ಅಲ್ಲ, ಆಡಿಯೋ
ಸೋಲಾಪುರ-ಅಕ್ಕಲಕೋಟ ರಸ್ತೆಯ ಕುಂಭಾರಿಯಲ್ಲಿ ಬೀಡಿ ಕಾರ್ಮಿಕ ಮಹಿಳೆಯರಿಗಾಗಿ ಕಟ್ಟಿದ 10,000 ಮನೆಗಳನ್ನು 2006ರಲ್ಲಿ ಅಂದಿನ ಪ್ರಧಾನಿ ಮನಮೋಹನ್ ಸಿಂಗ್ ಹಸ್ತಾಂತರಿಸಿದರು. 2024ರ ಜನವರಿಯಲ್ಲಿ ರೇ ನಗರದ 15,000 ಮನೆಗಳು ಸೇರಿದವು. ಈಗ ಮೊಬೈಲ್‌ಗೆ ಕೊರತೆಯಿಲ್ಲ, ವಿಡಿಯೋ ಮಾಡುವ ಹುಡುಗರಿಗೂ ಬರವಿಲ್ಲ. ಆದರೆ ಬೀಡಿ ಕಟ್ಟುವಾಗ ಕೈ, ಕಣ್ಣು ಎರಡೂ ಎಲೆಯ ಮೇಲೆ. ಬಿಡುವಿರುವುದು ಕಿವಿಗೆ.

ಇದು ಹೊಸ ಮಾತೇನಲ್ಲ. ಕ್ಯೂಬಾದ ಚುಟ್ಟಾ ಕಾರ್ಖಾನೆಗಳಲ್ಲಿ 1865ರಿಂದಲೇ ಒಬ್ಬರು ಪತ್ರಿಕೆ, ಕಾದಂಬರಿ ಗಟ್ಟಿಯಾಗಿ ಓದುತ್ತಿದ್ದರು, ಉಳಿದವರು ಕೇಳುತ್ತ ಸುತ್ತುತ್ತಿದ್ದರು. ಕೇರಳದ ಕಣ್ಣೂರಿನ ದಿನೇಶ್ ಬೀಡಿಯಲ್ಲೂ ಪತ್ರಿಕೆ ಓದುವ ಪದ್ಧತಿಯಿತ್ತು. ನಮ್ಮ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಹಳ್ಳಿಯವರೇ ಧ್ವನಿಮುದ್ರಣ ಕಲಿತು 'ನಮ್ಮ ಧ್ವನಿ' ನಡೆಸಿದರು. ಸಂಘಸಂಸ್ಥೆಗಳಿಗೆ ರೇಡಿಯೋ ಬಾಗಿಲು ತೆರೆದದ್ದು 2006ರಲ್ಲಿ. ಅದಕ್ಕೂ ಮೊದಲೇ ಅವರು ಕೇಬಲ್ ಎಳೆದು ಮನೆಮನೆಗೆ ಕೇಳಿಸಿದ್ದರು. ಆ ತಂತಿಯ ಕೆಲಸವನ್ನು ಇಂದು ವಾಟ್ಸಾಪ್, ಯೂಟ್ಯೂಬ್ ಪುಕ್ಕಟೆ ಮಾಡುತ್ತವೆ.

ಗಡಿಭಾಗಕ್ಕೆ ಇನ್ನೊಂದು ಲಾಭವಿದೆ. ಮರಾಠಿ ಶಾಲೆಯಲ್ಲಿ ಕಲಿತ ನಮ್ಮ ಅನೇಕರಿಗೆ ಮನೆಯ ಕನ್ನಡ ಬರುತ್ತದೆ, ಅಕ್ಷರ ಬರುವುದಿಲ್ಲ. ಕೇಳಲು ಅಕ್ಷರ ಬೇಡ. ಶೀರ್ಷಿಕೆಯನ್ನು ಮಾತ್ರ ಎರಡೂ ಲಿಪಿಯಲ್ಲಿ ಬರೆಯಬೇಕು, ಇಲ್ಲದಿದ್ದರೆ ಹುಡುಕಿದವರಿಗೆ ಸಿಗದು.

ಕಲಿಯುವುದು ಬಹಳವಿಲ್ಲ. ಫ್ಯಾನ್ ನಿಲ್ಲಿಸಿ, ಮಗ್ಗದ ಸದ್ದಿನಿಂದ ದೂರ ಕೂತು, ಮೊಬೈಲನ್ನು ಬಾಯಿಯಿಂದ ಗೇಣುದ್ದ ದೂರ ಹಿಡಿದರೆ ಅರ್ಧ ಕೆಲಸ ಮುಗಿಯಿತು. ಮಾತಾಡಿದವರ ಒಪ್ಪಿಗೆ ಕೇಳಿಯೇ ಹಾಕಬೇಕು; ಹುಡುಗರು ಮರೆಯುವುದು ಇದನ್ನೇ. ಮೊದಲ ವಿಷಯಕ್ಕೂ ತಡಕಾಡಬೇಕಿಲ್ಲ: ಸಾವಿರ ಬೀಡಿಗೆ ಸರಕಾರ ಗೊತ್ತುಮಾಡಿದ ಕೂಲಿ ಎಷ್ಟು, ಕೈಗೆ ಬರುವುದೆಷ್ಟು?