ಆಹಾರದೊಡನೆ ಆಹಾರಜ್ಞಾನ

ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದಲ್ಲಿ ಪುಷ್ಯ ಶುದ್ಧ ಷಷ್ಠಿಯ ರಥೋತ್ಸವದ ಸುಮಾರಿಗೆ ನೆರೆಯುವ ದನಗಳ ಜಾತ್ರೆಯನ್ನು ಅರಿಯದವರು ಈ ಸೀಮೆಯಲ್ಲಿ ವಿರಳ. ಅಲ್ಲಿಯ ಹಳ್ಳಿಕಾರ್ ಹೋರಿಗಳ ಮೈಕಟ್ಟನ್ನು ಕಂಡವರಿಗೆ, ಹುರುಳಿ, ಹಿಂಡಿ, ಬೂಸಾಗಳನ್ನು ಯಾವಾಗ ಎಷ್ಟು ಇಡಬೇಕೆಂಬುದನ್ನು ನಮ್ಮ ರೈತನಿಗೆ ಯಾರೂ ಕಲಿಸಬೇಕಾಗಿಲ್ಲವೆಂಬುದು ವಿದಿತವಾಗುವುದು. ಆದರೆ ನಾಡಿನ ಕೂಸುಗಳ ಸ್ಥಿತಿಯೇನು? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 35.4 ರಷ್ಟು ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ. ಆರು ತಿಂಗಳು ಮೀರಿದ ಎಳೆಯರಲ್ಲಿ ರಕ್ತಹೀನತೆಯು 2015–16ರಲ್ಲಿ ಶೇಕಡ 60.9 ಇದ್ದದ್ದು 65.5ಕ್ಕೆ ಏರಿದೆ.

ಸರ್ಕಾರದವರು ಕೈಕಟ್ಟಿ ಕುಳಿತಿರುವರೆಂದು ನಾವು ಹೇಳುವುದಿಲ್ಲ. 2013ರಲ್ಲಿ ಕ್ಷೀರಭಾಗ್ಯವೂ 2017ರಲ್ಲಿ ಗರ್ಭಿಣಿಯರಿಗೂ ಬಾಣಂತಿಯರಿಗೂ ಬಿಸಿಯೂಟ ನೀಡುವ ಮಾತೃಪೂರ್ಣವೂ ಆರಂಭವಾದುವು. ಆದರೆ 1975ರ ಅಕ್ಟೋಬರ್ 2 ರಂದು ಮೊದಲಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಆರು ಸೇವೆಗಳಲ್ಲಿ ಆಹಾರ ಮತ್ತು ಆರೋಗ್ಯ ಶಿಕ್ಷಣವೂ ಒಂದೆಂಬುದನ್ನು ಮರೆಯಲಾಗದು. ಅಲ್ಪ ಗೌರವಧನದಲ್ಲಿ ಅಡುಗೆ, ದಾಖಲೆ, ಗಣತಿಗಳೆಲ್ಲವನ್ನೂ ಹೊತ್ತಿರುವ ಅಂಗನವಾಡಿ ಕಾರ್ಯಕರ್ತೆಯು ಉಳಿದ ವೇಳೆಯಲ್ಲಿ ಈ ಶಿಕ್ಷಣವನ್ನೂ ನೀಡಬೇಕೆಂಬುದು ನ್ಯಾಯವೆ?

ಬಡವನಿಗೆ ಬೇಕಾದುದು ಅನ್ನವೇ ಹೊರತು ಬೋಧೆಯಲ್ಲವೆಂದು ಕೆಲವರು ಆಕ್ಷೇಪಿಸುವರು. ಅನ್ನವನ್ನು ಕಡಮೆಮಾಡಿ ಬೋಧೆಯನ್ನು ಹೆಚ್ಚಿಸಿರೆಂದು ಹೇಳುವವರಿದ್ದರೆ ನಾವೂ ಅವರನ್ನು ವಿರೋಧಿಸುವೆವು. ಆದರೆ ಆರು ತಿಂಗಳು ತುಂಬಿದ ಕೂಸಿಗೆ ಎದೆಹಾಲಿನೊಡನೆ ಗಟ್ಟಿಯಾದ ರಾಗಿಸರಿಯೂ ಬೇಕೆಂಬುದು, ಊಟದೊಡನೆ ಕುಡಿದ ಚಹಾ ಸೊಪ್ಪುಬೇಳೆಯ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡದೆಂಬುದು, ನಿಂಬೆಯ ಹುಳಿ ಅದಕ್ಕೆ ಸಹಾಯಕವೆಂಬುದು ಹೆಚ್ಚು ವೆಚ್ಚವಿಲ್ಲದ ತಿಳಿವಳಿಕೆಗಳು. ರಾಗಿ, ಅವರೆ, ಹುರುಳಿ, ಸೊಪ್ಪು ಈ ಸೀಮೆಯ ನೆಲದ ಬೆಳೆಗಳೇ ಅಲ್ಲವೆ?

ಆದುದರಿಂದ ಈ ಶಿಕ್ಷಣಕ್ಕೆ ಆಯವ್ಯಯದಲ್ಲಿ ಸಾಕಷ್ಟು ಹಣವನ್ನು ಪ್ರತ್ಯೇಕವಾಗಿ ತೆಗೆದಿಡುವುದು ಅವಶ್ಯಕ. ಒಲೆ, ಪಾತ್ರೆ, ದಿನಸಿಗಳೊಡನೆ ಅಡುಗೆ ಮಾಡಿ ತೋರಿಸುವ ವ್ಯವಸ್ಥೆ ಹಳ್ಳಿಹಳ್ಳಿಯಲ್ಲೂ ವರ್ಷವಿಡೀ ನಡೆಯಬೇಕು. 2018ರಿಂದ ಸೆಪ್ಟೆಂಬರಿನಲ್ಲಿ ಆಚರಿಸುತ್ತಿರುವ ಪೋಷಣ ಮಾಸವೊಂದೇ ಸಾಲದು. ಮನೆಯ ಹಣದ ಗಂಟು ಬಹುಮಟ್ಟಿಗೆ ಗಂಡಸರ ಕೈಯಲ್ಲಿರುವುದರಿಂದ ಅವರಿಗೂ ಈ ಪಾಠ ಅಗತ್ಯ. ಅವರು ತಾವಾಗಿಯೇ ನೆರೆಯುವ ಘಾಟಿಯ ಜಾತ್ರೆಗಿಂತ ಉಚಿತವಾದ ಸ್ಥಳ ಬೇರೆ ಯಾವುದು?

ಪ್ರಜೆಗಳ ಪೌಷ್ಟಿಕ ಮಟ್ಟವನ್ನು ಏರಿಸುವುದು ರಾಜ್ಯದ ಪ್ರಾಥಮಿಕ ಕರ್ತವ್ಯಗಳಲ್ಲೊಂದೆಂದು ಸಂವಿಧಾನದ 47ನೆಯ ವಿಧಿಯು ಸಾರುತ್ತದೆ. ಅಧಿಕಾರಿವರ್ಗದವರು ಮುಂದಿನ ಆಯವ್ಯಯವನ್ನು ಸಿದ್ಧಪಡಿಸುವಾಗ ಈ ಮಾತನ್ನು ನೆನಪಿನಲ್ಲಿಡುವರೆಂದು ಆಶಿಸುತ್ತೇವೆ.