ಹಳೆಯ ಕಾಗದಗಳ ಋಣ

ಜಮೀನಿನ ಖಾತೆ ತನ್ನ ಹೆಸರಿಗೆ ಆಯಿತೆಂದು ಮೂಲ ಕ್ರಯಪತ್ರವನ್ನು ಒಲೆಗೆ ಹಾಕಿದ ರೈತನುಂಟೇ? ನೆಲಮಂಗಲ ತಾಲ್ಲೂಕಿನ ಸೋಂಪುರದಲ್ಲಿ ಯಾವ ಹಿರಿಯರನ್ನು ಈ ಪ್ರಶ್ನೆ ಕೇಳಿದರೂ ನಕ್ಕುಬಿಟ್ಟಾರು. ಶಿವಗಂಗೆಯ ಬೆಟ್ಟದ ಆ ಸೀಮೆಯಲ್ಲಿ ರಾಗಿಯ ಹೊಲಗಳ ನಡುವೆ ಕಾರ್ಖಾನೆಗಳು ತಲೆಯೆತ್ತಿವೆ. ಪೆಟ್ಟಿಗೆಯ ತಳದಲ್ಲಿ ಮಲಗಿರುವ ಹಳದಿ ಕಾಗದದ ಬೆಲೆ ಎಷ್ಟೆಂಬುದನ್ನು ಅಲ್ಲಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಇಂಥ ಊರುಗಳ ಮಕ್ಕಳು ಇಂಜಿನಿಯರುಗಳಾಗಿ ಅಮೆರಿಕಕ್ಕೆ ಹೋಗಿ, ಗಂಡನಿಗೂ ಹೆಂಡತಿಗೂ ಅಲ್ಲಿನ ಶಾಶ್ವತ ನಿವಾಸದ ಹಕ್ಕು ದೊರೆತೊಡನೆ ಈ ವಿವೇಕ ಏಕೋ ಮರೆತುಹೋಗುತ್ತದೆ. ನಕಲು ಪ್ರತಿಗಳ ಕಂತೆಯನ್ನು ಊರಿನ ಟ್ರಂಕಿನಲ್ಲಿ ವರ್ಷಗಟ್ಟಲೆ ಕಾದಿಟ್ಟ ಅತ್ತೆ ದೂರವಾಣಿಯಲ್ಲಿ ಕೇಳುತ್ತಾರೆ: “ಬಂತಲ್ಲಮ್ಮ ಹಸಿರು ಕಾರ್ಡು! ಇನ್ನು ಇದನ್ನೆಲ್ಲ ಹಂಡೆಯ ಒಲೆಗೆ ಹಾಕಿಬಿಡಲೇ?” ಸೊಸೆಯೂ ಹೂಂ ಎನ್ನುವುದುಂಟು.

ಆ ಬೇಸರ ಅಕಾರಣವಾದುದಲ್ಲ. ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಇಷ್ಟೇ ಗ್ರೀನ್ ಕಾರ್ಡುಗಳೆಂಬ ಮಿತಿಯಿದೆ. ಅದರಲ್ಲಿಯೂ ಸಾಮಾನ್ಯವಾಗಿ ಯಾವ ಒಂದು ದೇಶದವರಿಗೂ ಶೇಕಡಾ 7ಕ್ಕಿಂತ ಹೆಚ್ಚು ಸಲ್ಲದು. ಭಾರತೀಯರ ಸಾಲು ಇದರಿಂದಾಗಿ ವರ್ಷಗಟ್ಟಲೆ ಉದ್ದವಾಗಿದೆ. ಗಂಡ ಎಚ್-1ಬಿ ವೀಸಾದ ಉದ್ಯೋಗಿ. ಹೆಂಡತಿ ಎಚ್-4 ವೀಸಾದ ಅವಲಂಬಿ. 2015ರ ಮೇ 26ರಂದು ಜಾರಿಗೆ ಬಂದ ನಿಯಮವು ಇಂಥ ಕೆಲವು ಪತ್ನಿಯರಿಗೆ ದುಡಿಯುವ ಪರವಾನಗಿಯನ್ನು ಕೊಡುವವರೆಗೆ, ಎಂ.ಎಸ್‌ಸಿ. ಓದಿದವಳೂ ಮನೆಯಲ್ಲಿಯೇ ಕುಳಿತಿರಬೇಕಾಗಿತ್ತು. ಆ ದಿನಗಳ ಸಾಕ್ಷಿಯಾದ ಕಾಗದಗಳನ್ನು ಕಣ್ಣಿನಿಂದ ಮರೆಮಾಡಬೇಕೆಂದು ಆಕೆಗೆ ಅನ್ನಿಸಿದರೆ ಆಶ್ಚರ್ಯವೇನು?

ಆದರೂ ಆ ಕಂತೆಯನ್ನು ಸುಡಬಾರದು. ಕಾರ್ಡು ಕೈಗೆ ಬಂದ ಮಾತ್ರಕ್ಕೆ ಪ್ರಶ್ನೆಗಳು ಮುಗಿಯುವುದಿಲ್ಲ. ಸಾಮಾನ್ಯವಾಗಿ 5 ವರ್ಷಗಳ ಬಳಿಕ ಪೌರತ್ವಕ್ಕೆ ಅರ್ಜಿ ಹಾಕಿದಾಗ, ಶಾಶ್ವತ ನಿವಾಸದ ಹಕ್ಕನ್ನು ಮೊದಲು ಪಡೆದದ್ದೇ ಕ್ರಮಬದ್ಧವಾಗಿತ್ತೇ ಎಂಬುದನ್ನು ಅಧಿಕಾರಿ ಮತ್ತೊಮ್ಮೆ ಪರೀಕ್ಷಿಸಬಹುದು. ಆಗ ಉತ್ತರ ಹೇಳುವವು ಹಳೆಯ ಕಾಗದಗಳೇ: ಐ-797 ಎಂಬ ಮಂಜೂರಾತಿ ಪತ್ರಗಳು, 2013ರಲ್ಲಿ ವಿಮಾನ ನಿಲ್ದಾಣಗಳ ವ್ಯವಸ್ಥೆ ಬದಲಾಗುವವರೆಗೆ ಪಾಸ್‌ಪೋರ್ಟಿಗೆ ಲಗತ್ತಿಸಿ ಕೊಡುತ್ತಿದ್ದ ಐ-94 ಎಂಬ ಬಿಳಿಯ ಚೀಟಿ, ಸಂಬಳದ ರಸೀದಿಗಳು, ತೆರಿಗೆಯ ಲೆಕ್ಕಗಳು, ಸಲ್ಲಿಸಿದ ಪ್ರತಿಯೊಂದು ಅರ್ಜಿಯ ನಕಲು. ಅಮೆರಿಕದ ವಲಸೆ ಇಲಾಖೆಯು 1944ರಿಂದಲೂ ವಲಸಿಗರ ಹೆಸರಿನಲ್ಲಿ ಒಂದೊಂದು ಕಡತವನ್ನು ಇಟ್ಟುಕೊಂಡು ಬಂದಿದೆ. ಸರ್ಕಾರದ ಬಳಿ ನಮ್ಮ ಕಥೆಯ ಒಂದು ಪ್ರತಿ ಇರುವಾಗ, ನಮ್ಮ ಬಳಿಯೂ ಒಂದಿರುವುದು ಕ್ಷೇಮ.

ಇವೆಲ್ಲಕ್ಕಿಂತ ಜೋಪಾನ ಮಾಡಬೇಕಾದುದು ಊರಿನಿಂದ ಹೋದ ಒಂದು ಹಾಳೆ: ಉಪನೋಂದಣಾಧಿಕಾರಿಯ ಕಚೇರಿಯ ವಿವಾಹ ಪ್ರಮಾಣಪತ್ರ. ಗಂಡನ ಅರ್ಜಿಯ ಜೊತೆಯಲ್ಲಿಯೇ ಹೆಂಡತಿಗೂ ಹಕ್ಕು ದೊರೆಯಬೇಕಾದರೆ, ಆತನಿಗೆ ಶಾಶ್ವತ ನಿವಾಸ ದೊರೆಯುವ ಮೊದಲೇ ಮದುವೆಯಾಗಿರಬೇಕು. ತಾರೀಖು ಒಂದು ದಿನ ಹಿಂದುಮುಂದಾದರೂ ಆಕೆ ಬೇರೆಯದೇ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಧಾರೆ ಎರೆದ ದಿನ ಒಂದು, ನೋಂದಣಿಯಾದ ದಿನ ಇನ್ನೊಂದು ಆಗಿರುವುದು ನಮ್ಮಲ್ಲಿ ಸಾಮಾನ್ಯ. ಎರಡನ್ನೂ ಹೇಳಬಲ್ಲ ಪ್ರಮಾಣಪತ್ರ, ಲಗ್ನಪತ್ರಿಕೆ, ಭಾವಚಿತ್ರ ಇವು ಬರಿಯ ನೆನಪಿನ ಸಾಮಗ್ರಿಗಳಲ್ಲ.

ಹೆಸರಿನ ತೊಡಕು ಬೇರೆ. ನಮ್ಮಲ್ಲಿ ಊರಿನ ಹೆಸರೂ ತಂದೆಯ ಹೆಸರೂ ಎರಡಕ್ಷರಗಳಾಗಿ ವ್ಯಕ್ತಿಯ ಹೆಸರಿನ ಮುಂದೆ ಕೂಡುತ್ತವೆ. ಅವನ್ನು ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದಾಗ ‘ಸೋಂಪುರ’ವೇ ಒಬ್ಬರ ವಂಶನಾಮವಾಗಿ ಸಾಗರ ದಾಟಬಹುದು. ವಂಶನಾಮದ ಜಾಗ ಖಾಲಿಯಿದ್ದರಂತೂ, ಇದ್ದ ಹೆಸರೇ ವಂಶನಾಮವಾಗಿ, ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಸ್ಥಾನಕ್ಕೆ ‘ಎಫ್‌ಎನ್‌ಯು’ ಎಂಬ ಮೂರಕ್ಷರ ಬರುತ್ತದೆ. ಮೊದಲ ಹೆಸರು ತಿಳಿಯದು ಎಂದು ಅದರ ಅರ್ಥ. ಮುತ್ತೈದೆಯರು ತೊಟ್ಟಿಲ ಬಳಿ ಕರೆದ ಹೆಸರಿಗೆ ಈ ಗತಿ! ಮದುವೆಯ ನಂತರ ಗಂಡನ ಹೆಸರೂ ಸೇರಿದರೆ, ಮೂರು ರೂಪಗಳ ಮಹಿಳೆ ಒಬ್ಬಳೇ ಎಂದು ತೋರಿಸಲು ಹಳೆಯ ಪಾಸ್‌ಪೋರ್ಟಿಗಿಂತ ಸಮರ್ಥ ಸಾಕ್ಷಿ ಯಾವುದು?

ಹಾಗೆಂದು ಎಲ್ಲವನ್ನೂ ಕೂಡಿಡಬೇಕೆಂದಲ್ಲ. ತುಂಬದ ನಮೂನೆಗಳು, ತಿದ್ದಿದ ಕರಡುಗಳು, ಒಂದರ ಮೂರು ನಕಲುಗಳು ಹೋಗಲಿ. ಆದರೆ ಗುರುತಿನ ಸಂಖ್ಯೆಯಿರುವ ಹಾಳೆಗಳು ರದ್ದಿಯವನ ಪಾಲಾಗದಂತೆ ಚೂರು ಮಾಡಬೇಕು. ‘ಪರವಾನಗಿಯಿದ್ದರೆ ಮಾತ್ರ ಕೆಲಸ’ ಎಂಬ ಷರತ್ತು ಸೋಷಿಯಲ್ ಸೆಕ್ಯುರಿಟಿ ಕಾರ್ಡಿನ ಮೇಲೆ ಅಚ್ಚಾಗಿದ್ದರೆ ಹೊಸದನ್ನು ಪಡೆಯಬೇಕು; ಸಂಖ್ಯೆ ಬದಲಾಗದು. ಹಳೆಯ ಎಚ್-4 ವೀಸಾದ ಅವಧಿ ಇನ್ನೂ ಇದ್ದರೂ ಅದರ ಮೇಲೆ ಪ್ರಯಾಣ ಸಲ್ಲದು. ಪಾಸ್‌ಪೋರ್ಟಿನೊಡನೆ ಗ್ರೀನ್ ಕಾರ್ಡನ್ನೇ ತೋರಿಸಬೇಕು.

ಇನ್ನೊಂದು ಮಾತು ಮುಖ್ಯ. ಎಚ್-1ಬಿ ಮಂಜೂರಾತಿ ಪತ್ರಗಳು ಬರುವುದು ಗಂಡನ ಮಾಲಿಕರಿಗೆ ಮತ್ತು ವಕೀಲರಿಗೆ. ಹೀಗಾಗಿ ಮನೆಯ ಕಡತವೆಲ್ಲ ಆತನದೆಂಬ ಭಾವನೆ ಬೆಳೆದಿರುತ್ತದೆ. ಆದರೆ ಕಾರ್ಡು ದೊರೆತ ದಿನದಿಂದ ಹೆಂಡತಿಯು ಅವಲಂಬಿಯಲ್ಲ. ಉದ್ಯೋಗದ ದಾರಿಯಿಂದ ಬಂದ ಆಕೆಯ ಹಕ್ಕು ಆಕೆಯದೇ. ಗಂಡನ ನೌಕರಿ ಹೋದರೂ, ವಿಧಿವಶಾತ್ ಆತನೇ ಇಲ್ಲವಾದರೂ, ದಾಂಪತ್ಯವೇ ಮುರಿದರೂ ಆ ಹಕ್ಕು ತಾನಾಗಿ ಅಳಿಯುವುದಿಲ್ಲ. ಅಂಥ ಕಷ್ಟದ ಹೊತ್ತಿನಲ್ಲಿ, ಹಕ್ಕು ತನಗೆ ಹೇಗೆ ಬಂತೆಂದು ತೋರಿಸಲು ಆಕೆ ಇನ್ನೊಬ್ಬರ ಬೀರುವಿನ ಬೀಗದ ಕೈಗಾಗಿ ಕಾಯುವಂತಾಗಬಾರದು. ಆದ್ದರಿಂದ ಆಕೆಯ ಹೆಸರಿನ ಒಂದು ಪೂರ್ಣ ಕಂತೆ ಆಕೆಯ ಕೈಯಲ್ಲಿಯೇ ಇರಬೇಕು. ಇದು ಅಪನಂಬಿಕೆಯ ಮಾತಲ್ಲ. ಹೆಣ್ಣಿಗೆ ಆಕೆಯ ಒಡವೆಯನ್ನು ಆಕೆಯ ವಶಕ್ಕೇ ಕೊಡುವ ಹಳೆಯ ನ್ಯಾಯ.

ಮುಂದೆ ಅಮೆರಿಕದ ಪೌರತ್ವ ಪಡೆದರೆ, 1955ರ ನಮ್ಮ ಪೌರತ್ವ ಕಾಯಿದೆಯಂತೆ ಭಾರತದ ಪೌರತ್ವ ಹೋಗುತ್ತದೆ. ಪಾಸ್‌ಪೋರ್ಟನ್ನು ಒಪ್ಪಿಸಿ, ರದ್ದಾಗಿ ಮರಳಿ ಬಂದುದನ್ನು ಇಟ್ಟುಕೊಳ್ಳಬೇಕು. ಅಲ್ಲಿ ಹುಟ್ಟಿದ ಮಗು ‘ಸಾಗರೋತ್ತರ ಭಾರತೀಯ’ನೆಂಬ ಚೀಟಿಗೆ ಅರ್ಜಿ ಹಾಕುವಾಗ, ತಂದೆತಾಯಿಯರ ಭಾರತೀಯ ಮೂಲಕ್ಕೆ ಸಾಕ್ಷಿ ಹೇಳುವುದು ಮೂಲೆ ಕತ್ತರಿಸಿದ ಆ ಪುಸ್ತಕವೇ. ಹೊಲದ ಕ್ರಯಪತ್ರದಂತೆ ಅದೂ ಮೂಲವನ್ನು ತೋರಿಸುವ ಕಾಗದ. ಮೊಮ್ಮಗುವಿನ ದಾರಿಯನ್ನು ಹಂಡೆಯ ಒಲೆಗೆ ಹಾಕುವವರು ಯಾರು?