ಕೇಳದೆ ಕೊಟ್ಟ ಟಿಕೆಟ್

2008ರ ಜನವರಿ 3ರಂದು ಅಮೆರಿಕದ ಅಯೋವಾದಲ್ಲಿ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಉಮೇದುವಾರಿಕೆಗೆ ಮೊದಲ ಸ್ಪರ್ಧೆ ನಡೆಯಿತು. ಒಬಾಮಾ ಗೆದ್ದರು; ದೇಶದ ಸಮೀಕ್ಷೆಗಳಲ್ಲಿ ಮುಂದಿದ್ದ ಹಿಲರಿ ಕ್ಲಿಂಟನ್ ಮೂರನೆಯವರಾದರು. ಹಣ, ಹೆಸರು, ಅನುಭವ ಎಲ್ಲವೂ ಅವರಲ್ಲಿದ್ದವು. ಆದರೆ ಬದಲಾವಣೆ ಬಯಸಿದವರು 2002ರಲ್ಲಿ ಅವರು ಇರಾಕ್ ಯುದ್ಧದ ಪರ ನೀಡಿದ್ದ ಮತವನ್ನು ಮರೆತಿರಲಿಲ್ಲ.

ಅಲ್ಲಿ ಪಕ್ಷವು ತನ್ನವರನ್ನು ಮೊದಲೇ ಕೇಳುತ್ತದೆ. ನಮ್ಮಲ್ಲಿ ಹೈಕಮಾಂಡ್ ಟಿಕೆಟ್ ಹಂಚುತ್ತದೆ. ಜನರ ಉತ್ತರ ಮತಗಟ್ಟೆಯಲ್ಲಷ್ಟೇ ಹೊರಬೀಳುತ್ತದೆ. 2023ರಲ್ಲಿ ರಾಜ್ಯದಲ್ಲಿ 135 ಸ್ಥಾನ ಗೆದ್ದ ಕಾಂಗ್ರೆಸ್ ಕೂಡ್ಲಿಗಿಯನ್ನೂ ಗೆದ್ದಿತು. ಆದರೆ ನೆರೆಯ ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳಲ್ಲಿ ಸೋತಿತು. ಮೊದಲೆರಡರಲ್ಲಿ ಸೋತವರು ಅದರ ಹಾಲಿ ಶಾಸಕರೇ. ಹರಪನಹಳ್ಳಿಯಲ್ಲಿ ಅದು ಟಿಕೆಟ್ ನಿರಾಕರಿಸಿದ್ದ ಲತಾ ಮಲ್ಲಿಕಾರ್ಜುನ ಪಕ್ಷೇತರರಾಗಿ ಗೆದ್ದರು.

ಸಮಾಲೋಚನೆಯನ್ನು ಕಲಿಸುವ ಪವಿತ್ರ ಕುರ್‌ಆನ್‌ನ 42ನೇ ಅಧ್ಯಾಯದ ಹೆಸರೇ ‘ಅಶ್ಶೂರಾ’. ಕೊಟ್ಟೂರಿನಿಂದ ಹಡಗಲಿಯವರೆಗಿನ ನಮ್ಮ ಜಮಾಅತ್‌ಗಳು ಮತದಾನದ ಮುನ್ನಾ ದಿನದವರೆಗೆ ಕಾಯಬೇಕೇಕೆ? ಟಿಕೆಟ್ ಹಂಚಿಕೆಗೆ ಮೊದಲೇ ಶಾಲೆ, ನೀರು, ಉದ್ಯೋಗದ ಬೇಡಿಕೆಗಳನ್ನು ಎಲ್ಲ ಪಕ್ಷಗಳ ಮುಂದಿಡೋಣ. ಮತವು ಅಮಾನತ್, ಕೇಳಿಸಿಕೊಳ್ಳದವರ ಕೈಗೆ ಅದನ್ನೊಪ್ಪಿಸಿ ಐದು ವರ್ಷ ಕೊರಗುವುದು ವಿವೇಕವಲ್ಲ.